ಪಾರ್ಕ್ ಸುತ್ತಿ ಸಾಕಾಗಿದೆ, ಎಲ್ಲಿಗೆ ಹೋಗಲಿ?

ಪ್ರಶ್ನೆ: ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಬಂದು ಎರಡು ವರ್ಷವಾಯಿತು. ಬೆಳಿಗ್ಗೆ ವಾಕಿಂಗ್ ಅಂದರೆ ಅದೇ ಪಾರ್ಕು, ಅದೇ ಎಂಟು ಸುತ್ತು. ನಾನೂ ಯಜಮಾನರೂ ತುರಹಳ್ಳಿ ಕಾಡಿಗೂ ಹೋಗಿ ಬಂದೆವು. ಭಾನುವಾರ ಅಲ್ಲಿ ಜಾತ್ರೆಯೇ! ಚಳಿ ಬಿಟ್ಟಿದೆ, ಬಿಸಿಲು ಇನ್ನೂ ಏರಿಲ್ಲ. ಹತ್ತಿರದಲ್ಲೇ ಹಳ್ಳಿ ಕಡೆ ನಡೆಯೋಕೆ ಹೊಸ ದಾರಿ ಇದೆಯಾ ಸರ್?
– ಓದುಗರೊಬ್ಬರು, ತಲಘಟ್ಟಪುರ

ಉತ್ತರ: ಹೊಸ ದಾರಿ ಯಾಕೆ ಮೇಡಂ, ಹಳೇ ದಾರಿಗಳೇ ಬೇಕಾದಷ್ಟಿವೆ. ನಾನು ಸರ್ವೆ ಕೆಲಸದಲ್ಲಿ ಚೈನು ಎಳೆದು ನಿವೃತ್ತನಾದವನು. ಮೊದಲು ನಕ್ಷೆ ನೋಡಿ ಅಂತಲೇ ಹೇಳುತ್ತೇನೆ.

ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಹಳ್ಳಿಗಳ ಕಂದಾಯ ನಕ್ಷೆ ಸಿಗುತ್ತದೆ. ಅದರಲ್ಲಿ ಒಂಟಿ ಚುಕ್ಕೆಗೆರೆ ಕಂಡರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಕಂಡರೆ ಬಂಡಿದಾರಿ. ಕೆರೆ, ಹಳ್ಳ, ಊರಿನ ಮರಗಳ ಗುಂಡುತೋಪು ಎಲ್ಲ ಇರುತ್ತವೆ. ದಿಕ್ಕು ತಪ್ಪಿದರೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ, ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ, ನಕ್ಷೆಯಲ್ಲಿ ಅದೇ ನಂಬರ್ ಹುಡುಕಿಕೊಳ್ಳಿ.

ಕಗ್ಗಲೀಪುರದ ಕಡೆ ಹೋಗುವ ಬಸ್ ಹತ್ತಿ, ಯಾವುದಾದರೂ ಹಳ್ಳಿ ಗೇಟಿನಲ್ಲಿ ಇಳಿದುಬಿಡಿ. ಮೊದಲು ಕೆರೆ ಏರಿ ಹತ್ತಿ. ಗದ್ದೆಗೆ ನೀರು ಬಿಡುವ ತೂಬು ದಾಟಿ, ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿ ತನಕ ಹೋಗಿ. ನಮ್ಮ ಕಡೆ ಕೆರೆಗಳು ಸರಪಣಿಯ ಹಾಗೆ. ಮೇಲಿನ ಕೆರೆ ತುಂಬಿದರೆ ಕೋಡಿ ನೀರು ಕೆಳಗಿನ ಕೆರೆಗೆ. ಆ ಹಳ್ಳದ ಪಕ್ಕದಲ್ಲೇ ಸಾಗಿದರೆ ಮುಂದಿನ ಕೆರೆ ತಾನಾಗಿ ಸಿಗುತ್ತದೆ. ನಾನು ಹೀಗೇ ಒಂದು ಬೆಳಿಗ್ಗೆ ಮೂರು ಕೆರೆ ನೋಡಿದ್ದೆ.

ಇದಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ರಾಗಿ ಕೊಯ್ದು ಮೆದೆ ಹಾಕಿಯಾಗಿರುತ್ತದೆ. ಹೊಲ ಖಾಲಿ, ಬದುವಿನ ಮೇಲೆ ನಡೆದರೆ ಪೈರು ತುಳಿಯುವ ಭಯವಿಲ್ಲ. ಮಳೆಗಾಲದ ಕಳೆಯೂ ಒಣಗಿ, ಕಾಲಿಡುವ ಜಾಗ ಕಾಣುತ್ತದೆ. ಹೊಂಗೆ ಎಲೆ ಉದುರಿಸಿ ಚಿಗುರುವ ಹೊತ್ತು. ಆ ಹಸಿರಿಗೆ ಒಂಥರಾ ಎಣ್ಣೆ ಹಚ್ಚಿದ ಮಿನುಗು. ಮುತ್ತುಗದ ಮರ ಕಂಡರೆ ಅದರ ಕೆಳಗೆ ಹತ್ತು ನಿಮಿಷ ನಿಲ್ಲಿ. ಎಲೆಯೇ ಇಲ್ಲದ ಕೊಂಬೆ ತುಂಬ ಕೆಂಡದಂಥ ಹೂವು, ಹಕ್ಕಿಗಳ ಗಲಾಟೆ ಬೇರೆ. ಹುಣಸೆ ಹಣ್ಣು ಬಡಿಯುತ್ತಿದ್ದರೆ ಕೇಳಿ, ಎರಡು ಕೊಟ್ಟೇ ಕೊಡುತ್ತಾರೆ.

ಒಂದು ಮಾತು. ನಕ್ಷೆಯಲ್ಲಿದ್ದ ದಾರಿಯೆಲ್ಲ ನೆಲದ ಮೇಲಿಲ್ಲ. ಕಳೆದ ವರ್ಷ ಒಂದು ಬಂಡಿದಾರಿ ಹಿಡಿದು ಹೋದೆ, ಲೇಔಟಿನ ಕಾಂಪೌಂಡು ಎದುರಾಯಿತು. ನಾಯಿ ಬೇರೆ ಅಟ್ಟಿಸಿಕೊಂಡು ಬಂತು. ಕಾವಲುಗಾರ ನಕ್ಷೆ ನೋಡಿ ನಕ್ಕ. 'ಸ್ವಾಮಿ, ನಮ್ಮಪ್ಪ ಇಲ್ಲೇ ಗಾಡಿ ಹೊಡೀತಿದ್ದ' ಅಂದು ಹಿಂದಿನ ಗೇಟಿನಿಂದ ಬಿಟ್ಟ. ಹಕ್ಕು ಸಾಧಿಸೋಕೆ ಹೋಗಬೇಡಿ, ಸುಮ್ನೆ ಕೇಳಿ.

ಆ ಕಡೆ ಚಿರತೆ ಓಡಾಟ ಇದೆ. ಬೆಳಕು ಪೂರ್ತಿ ಹರಿದ ಮೇಲೆ, ಏಳು ಗಂಟೆಗೆ ಹೊರಡಿ. ಕಾಡಿನ ಗಡಿ ದಾಟಬೇಡಿ. ಹತ್ತರೊಳಗೆ ಬಸ್ ಹಿಡಿಯಿರಿ, ಆಮೇಲೆ ಬಿಸಿಲು ಜಾಸ್ತಿ.

ಊರವರು ಯಾಕೆ ಬಂದಿರಿ ಅಂದರೆ 'ವಾಕಿಂಗ್' ಅಂತ ಮೊದಲೇ ಹೇಳಿಬಿಡಿ. ಕೈಯಲ್ಲಿ ನಕ್ಷೆ ಹಿಡಿದವರನ್ನು ಕಂಡರೆ ಸೈಟ್ ನೋಡೋಕೆ ಬಂದವರು ಅಂದುಕೊಂಡು ಚದರಡಿ ರೇಟ್ ಹೇಳೋಕೆ ಶುರು ಮಾಡುತ್ತಾರೆ.