ಯಾಲೋ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ ಮೇಡಂ,

ಶುಗರ್ ಸಂಶೋಧನೆ ಮಾಡಿದ ರೋಸಲಿನ್ ಯಾಲೋ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಆದ್ರೆ ಕೈಬಿಡೋ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಹುಟ್ಟಿದ್ದು, ಓದಿದ್ದು, ಬಂದ ಪ್ರಶಸ್ತಿಗಳು. ಸನ್ಮಾನ ಪತ್ರ ಓದಿದ ಹಾಗಾಯ್ತು. ಆರನೇ ಪುಟದಲ್ಲಿ ನಿಮ್ಮ ದಾವಣಗೆರೆ ಲ್ಯಾಬ್ ಬರುತ್ತೆ ನೋಡಿ: ಬೆಳಗ್ಗೆ ಏಳಕ್ಕೇ ಖಾಲಿ ಹೊಟ್ಟೆಯಲ್ಲಿ ಸಾಲಾಗಿ ಕೂತ ಜನ, ಜಗಳೂರಿಂದ ಮೊದಲ ಬಸ್ಸಿಗೆ ಬಂದ ಅಜ್ಜ ತೋಳು ಚಾಚಿ, 'ಬಸ್ ಸ್ಟ್ಯಾಂಡಿನಾಗ ಅರ್ಧ ಕಪ್ ಚಾ ಕುಡಿದೀನಿ ತಂಗಿ, ನಡಿತೈತಾ?' ಅಂತ ಕೇಳೋದು. ಲೇಖನ ಅಲ್ಲಿಂದ ಶುರುವಾಗಲಿ.

'ಚಯಾಪಚಯ' ತೆಗೆಯಿರಿ. ಬೆಣ್ಣೆದೋಸೆ ಹೋಟೆಲಲ್ಲಿ ಸಕ್ಕರೆ ಇಲ್ಲದ ಟೀ ಕೇಳೋರು ಯಾರೂ ಆ ಮಾತು ಆಡಲ್ಲ. ತಿಂದದ್ದನ್ನ ಮೈ ಹೇಗೆ ಬಳಸಿಕೊಳ್ಳುತ್ತೆ ಅಂದರೆ ಸಾಕು. ಮೆಡಿಸಿನ್ ನೊಬೆಲ್ ಪಡೆದ ಮೊದಲ ಮಹಿಳೆ ಯಾಲೋ ಅಲ್ಲ, 1947ರಲ್ಲಿ ಗರ್ಟಿ ಕೋರಿ. ಬೆರಳು ಚುಚ್ಚಿ ನೋಡೋ ಶುಗರ್ ಟೆಸ್ಟೂ ಯಾಲೋ ಅವರದ್ದಲ್ಲ, ಅದು ಗ್ಲೂಕೋಸ್ ಅಳೆಯುತ್ತೆ. ಅವರು ಅಳೆದದ್ದು ಇನ್ಸುಲಿನ್, ಅಂದರೆ ರಕ್ತದ ಸಕ್ಕರೆಯನ್ನ ಹತೋಟಿಯಲ್ಲಿಡೋ ಹಾರ್ಮೋನ್.

ನನಗೆ ನಿಜವಾಗಿ ಬೇಜಾರಾಗಿದ್ದು 'ಅನೇಕ ಅಡೆತಡೆ ಎದುರಿಸಿದರು' ಅನ್ನೋ ಸಾಲಿಗೆ. ಯಾವ ಅಡೆತಡೆ? ಇಡೀ ಕಥೆ ಅಲ್ಲೇ ಇದೆ! ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆ, ಕಸ ಗುಡಿಸುವವರ ಸಾಮಾನು ಇಡುತ್ತಿದ್ದ ಕೋಣೆಯೇ ಈ ಭೌತಶಾಸ್ತ್ರದ ಹೆಣ್ಣುಮಗಳ ಲ್ಯಾಬ್. ದೊಡ್ಡವರಿಗೆ ಬರೋ ಶುಗರ್‌ನಲ್ಲಿ ಇನ್ಸುಲಿನ್ ಬೇಗ ನಾಶವಾಗುತ್ತೆ ಅನ್ನೋ ಊಹೆ ಆಗ ಇತ್ತು. ಅದನ್ನ ಪರೀಕ್ಷಿಸೋಕೆ ಯಾಲೋ, ಡಾಕ್ಟರ್ ಸಾಲಮನ್ ಬರ್ಸನ್ ಇಬ್ಬರೂ ಇನ್ಸುಲಿನ್‌ಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ ಚುಚ್ಚಿದರು. ಕಂಡದ್ದು ತಿರುಗುಮುರುಗು. ಇನ್ಸುಲಿನ್ ಚಿಕಿತ್ಸೆ ಪಡೆದವರ ರಕ್ತದಲ್ಲಿ ಅದು ಜಾಸ್ತಿ ಹೊತ್ತು ಉಳಿಯುತ್ತಿತ್ತು, ಯಾಕಂದ್ರೆ ಆಗಿನ ಔಷಧಿ ದನ, ಹಂದಿಯಿಂದ ತೆಗೆದದ್ದು, ಮೈ ಅದರ ವಿರುದ್ಧ ಆಂಟಿಬಾಡಿ (ಹೊರಗಿಂದ ಬಂದದ್ದನ್ನ ಹಿಡಿಯೋಕೆ ಮೈ ತಯಾರಿಸೋ ಪ್ರೋಟೀನ್) ಮಾಡಿಕೊಂಡು ಇನ್ಸುಲಿನ್ ಅನ್ನು ಹಿಡಿದಿಟ್ಟುಕೊಂಡಿತ್ತು. ಅಷ್ಟು ಚಿಕ್ಕ ಪ್ರೋಟೀನಿಗೆ ಆಂಟಿಬಾಡಿ ಹುಟ್ಟಲ್ಲ ಅಂತ ಪತ್ರಿಕೆಗಳು ನಂಬಲಿಲ್ಲ. 1956ರಲ್ಲಿ ಪ್ರಕಟವಾಗಬೇಕಾದರೆ ಪ್ರಬಂಧದ ಶೀರ್ಷಿಕೆಯಿಂದ 'ಆಂಟಿಬಾಡಿ' ಅನ್ನೋ ಪದವನ್ನೇ ತೆಗೆಯಬೇಕಾಯ್ತು. ತಿರಸ್ಕಾರದ ಪತ್ರವನ್ನು ಯಾಲೋ ಎತ್ತಿಟ್ಟುಕೊಂಡು 1977ರ ನೊಬೆಲ್ ಭಾಷಣದಲ್ಲೇ ತೋರಿಸಿದರು. ಸಂಪಾದಕನಾಗಿ ಆ ಪತ್ರ ನನ್ನನ್ನ ಕಾಡುತ್ತೆ.

ಅದೇ ಆಂಟಿಬಾಡಿ ಆಮೇಲೆ ತಕ್ಕಡಿಯಾಯ್ತು. ಹರಿಹರದ ಬಸ್ಸಿನ ಸೀಟು ಅಂದುಕೊಳ್ಳಿ: ಸೀಟು ಇಷ್ಟೇ, ರಕ್ತದ ಇನ್ಸುಲಿನ್ ಜಾಸ್ತಿ ಹತ್ತಿದಷ್ಟೂ ಅಯೋಡಿನ್ ಗುರುತು ಹಚ್ಚಿ ಹಾಕಿದ ಇನ್ಸುಲಿನ್ ನಿಂತೇ ಇರುತ್ತೆ. ನಿಂತದ್ದೆಷ್ಟು, ಕೂತದ್ದೆಷ್ಟು ಎಣಿಸಿದರೆ ರಕ್ತದಲ್ಲಿ ಎಷ್ಟಿತ್ತು ಅಂತ ಲೆಕ್ಕ ಸಿಗುತ್ತೆ. ಹೀಗೆ ಅಳೆದಾಗಲೇ ದೊಡ್ಡವರಲ್ಲಿ ಬರೋ ಶುಗರ್‌ನಲ್ಲಿ ಇನ್ಸುಲಿನ್ ಇರುತ್ತೆ, ಎಷ್ಟೋ ಜನರಲ್ಲಿ ಜಾಸ್ತಿಯೇ ಇರುತ್ತೆ, ಆದ್ರೆ ಕೆಲಸ ಸರಿಯಾಗಿ ಆಗಲ್ಲ ಅಂತ ಗೊತ್ತಾಗಿದ್ದು. 'ಶುಗರ್ ಇದ್ದವರಿಗೆ ಇನ್ಸುಲಿನ್ನೇ ಇರಲ್ಲ' ಅಂತ ಬರೆದಿದ್ದೀರಿ, ತಿದ್ದಿಕೊಳ್ಳಿ. ನೀವು ದಿನಾ ಮಾಡೋ ಥೈರಾಯ್ಡ್ ಟೆಸ್ಟ್ ಕೂಡ ಈ ದಾರಿಯಲ್ಲೇ ಬಂದದ್ದು, ಅದನ್ನ ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ?

ಬರ್ಸನ್ ಹೆಸರೇ ಇಲ್ಲ ನಿಮ್ಮಲ್ಲಿ. 1972ರಲ್ಲೇ ತೀರಿಕೊಂಡಿದ್ದರಿಂದ ಅವರಿಗೆ ನೊಬೆಲ್ ಸಿಗಲಿಲ್ಲ. ಯಾಲೋ ಮಾತ್ರ ಲ್ಯಾಬಿಗೇ ಅವರ ಹೆಸರಿಡಿಸಿ, ಮುಂದಿನ ಪ್ರತಿ ಪ್ರಬಂಧದಲ್ಲೂ ಆ ಹೆಸರು ಉಳಿಯುವಂತೆ ನೋಡಿಕೊಂಡರು. ದಯವಿಟ್ಟು ಅವರನ್ನ ಬಿಡಬೇಡಿ.

ತಿದ್ದಿ ಕಳಿಸಿ, ನಾಲ್ಕು ಪುಟ ಸಾಕು. ಹಾಂ, ಆ ಅಜ್ಜನ ರಕ್ತ ತೆಗೆದಿರಾ, ನಾಳೆ ಬನ್ನಿ ಅಂದಿರಾ? ಅದನ್ನ ಹೇಳೇ ಇಲ್ಲ ನೀವು.