ಮೂಡಿಗೆರೆ ಬಂಗಲೆಯ ಅಟ್ಟದಲ್ಲಿ ಸಿಕ್ಕ ನೀಲಿ ಬಾಟಲಿ

ಅಟ್ಟದಲ್ಲಿ ಸಿಕ್ಕ ನೀಲಿ ಬಾಟಲಿ ಯಾವುದು, ಅದನ್ನ ಏನು ಮಾಡಬೇಕು ಅಂತ ಫೋಟೋ ಕಳಿಸಿ ಕೇಳಿದ್ದೀರಿ. ಅದು ಹೆಚ್ಚಾಗಿ ಹಳೇ ಬ್ರಿಟಿಷ್ ಕಾಲದ ವಿಷದ ಬಾಟಲಿ. ಆರು ಮೂಲೆಯ ನೀಲಿ ಗಾಜು, ಮೈಮೇಲೆ ಸಾಲು ಸಾಲು ಏಣು, 'ನಾಟ್ ಟು ಬಿ ಟೇಕನ್' (ಸೇವಿಸಬಾರದು) ಅನ್ನೋ ಉಬ್ಬಕ್ಷರ ಅಂತ ಬರೆದಿದ್ದೀರಲ್ಲ, ಲಕ್ಷಣ ಎಲ್ಲ ಅದರದ್ದೇ. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗಲಿ ಅಂತಲೇ ಆ ಏಣು. ತಳದಲ್ಲಿರುವ ಬಿಳಿ ಪುಡಿ ಯಾವುದು ಅಂತ ಫೋಟೋ ನೋಡಿ ಹೇಳೋಕಾಗಲ್ಲ. ಪಾಷಾಣ, ಅಂದರೆ ಆರ್ಸೆನಿಕ್, ಅಂತಲೇ ತಿಳಿದು ನಡೆದುಕೊಳ್ಳಿ.

ನಿಮ್ಮ ಮಾವ ನಾಲಿಗೆಗೆ ಇಟ್ಟು ನೋಡೋಣ ಅಂದರಂತೆ. ದಯವಿಟ್ಟು ಬೇಡ! ಬಿಳಿ ಪಾಷಾಣಕ್ಕೆ ವಾಸನೆ ಇಲ್ಲ, ರುಚಿಯೂ ಇಲ್ಲ ಅನ್ನುವಷ್ಟು ಕಡಿಮೆ. 1858ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಪೆಪ್ಪರ್‌ಮಿಂಟ್ ಮಾಡುವವನು ಸಕ್ಕರೆಗೆ ಬೆರೆಸೋಕೆ ಅಗ್ಗದ ಬಿಳಿ ಪುಡಿ ತರಿಸಿದ. ಔಷಧಿ ಅಂಗಡಿಯ ಸಹಾಯಕ ತಪ್ಪಿ ಪಾಷಾಣ ಕೊಟ್ಟ. ಸುಮಾರು 20 ಜನ ಸತ್ತರು, 200ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು.

ಮೊದಲು ಮಕ್ಕಳು, ನಾಯಿ ಅತ್ತ ಸುಳಿಯದ ಹಾಗೆ ನೋಡಿಕೊಳ್ಳಿ. ಬಿರಡೆ ತೆಗೆಯಬೇಡಿ, ಮೂಸಬೇಡಿ. ಗ್ಲೌಸ್ ಹಾಕಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ನೆಟ್ಟಗೆ ನಿಲ್ಲಿಸಿ, ಮುಚ್ಚಳದ ಬಕೆಟ್‌ನಲ್ಲಿಟ್ಟು ಬೀಗ ಹಾಕಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಪುಡಿ ಚೆಲ್ಲಿದ್ದರೆ ಪೊರಕೆ ಮುಟ್ಟಬೇಡಿ, ಧೂಳು ಏಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ. ತೋಟದ ಗುಂಡಿಗೆ, ಹಳ್ಳಕ್ಕೆ ಸುರಿಯೋದು ಬೇಡ, ಆರ್ಸೆನಿಕ್ ಮಣ್ಣಲ್ಲಿ ಕೊಳೆತು ನಾಶವಾಗಿಬಿಡೋ ವಸ್ತು ಅಲ್ಲ.

ನಮ್ಮ ಮನೆಯಲ್ಲಿ ಇಂಥ ಬಾಟಲಿ ಸಿಕ್ಕಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಫೋಟೋ ಸಮೇತ ಪತ್ರ ಕೊಟ್ಟೆವು. ನೀವು ಚಿಕ್ಕಮಗಳೂರಿನ ಕಚೇರಿಯಲ್ಲಿ ಕೇಳಿ. ಯಾರಾದರೂ ಆಗಲೇ ಬಾಯಿಗೆ ಹಾಕಿದ್ದರೆ, ವಾಂತಿ ಮಾಡಿಸಬೇಡಿ, ಬಾಟಲಿಯ ಫೋಟೋ ಹಿಡಿದು ಈಗಲೇ ಆಸ್ಪತ್ರೆಗೆ ಹೊರಡಿ.