ಓಕ್ ಸ್ಟೂಲನ್ನು ಉಜ್ಜುವ ಮುಂಚೆ ಬೋರಲು ಹಾಕಿ

ಮೇಡಂ, ಫೋಟೋ ನೋಡಿದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಗೊಂಡ ಓಕ್ ಮರದ ಸ್ಟೂಲ್, ಚೂಪು ಕಮಾನಿನ ಕೆತ್ತನೆ, ಒಂದು ಕಾಲು ಅಲ್ಲಾಡುತ್ತದೆ, ಉಜ್ಜಿ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಉಜ್ಜಬೇಡಿ. ನೂರು ವರ್ಷ ಕೈ ತಾಗಿ ಬಂದ ಬಣ್ಣ ಹತ್ತು ನಿಮಿಷದಲ್ಲಿ ಹೋಗಿಬಿಡುತ್ತದೆ.

ಮಾರಿದವರು ಮಧ್ಯಯುಗದ್ದು ಅಂದರಂತೆ. ಸುಮ್ನೆ ನಂಬಬೇಡಿ. 1834ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಸುಟ್ಟುಹೋಯಿತಲ್ವಾ, ಹೊಸ ಕಟ್ಟಡ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿಯದು, ಒಳಗಿನ ಕೆತ್ತನೆ, ಪೀಠೋಪಕರಣದ ವಿನ್ಯಾಸ ಹೆಚ್ಚಾಗಿ ಅವರ ಜೊತೆ ದುಡಿದ ವಿನ್ಯಾಸಕ ಪ್ಯೂಜಿನ್‌ನದು. ಚೂಪು ಕಮಾನಿನ ಗಾಥಿಕ್ ಶೈಲಿ, ಅಂದರೆ ಮಧ್ಯಯುಗದ ಹಳೇ ಶೈಲಿ, ಮತ್ತೆ ಚರ್ಚಿಗೂ ಮನೆಗೂ ಬಂದ ಕಾಲ ಅದು. ನಿಮ್ಮದೂ ಆ ಪೈಕಿಯೇ ಇರಬೇಕು.

ಈಗ ಸ್ಟೂಲನ್ನು ಬೋರಲು ಹಾಕಿ. ಹಲಗೆಯ ಅಡಿಯಲ್ಲಿ ಗರಗಸದ ಗೆರೆ ಬಿಲ್ಲಿನಂತೆ ಬಾಗಿದ್ದರೆ ಅದು ಚಕ್ರಗರಗಸದ ಕೆಲಸ, ಮಧ್ಯಯುಗದ್ದಲ್ಲ. ಸ್ಕ್ರೂ ಇದ್ದರೆ ಒಂದನ್ನು ಬಿಚ್ಚಿ. ಚೂಪು ತುದಿಯ ಸ್ಕ್ರೂ ಬಳಕೆಗೆ ಬಂದಿದ್ದು ಸುಮಾರು 1850ರ ಹೊತ್ತಿಗೆ, ಅದಕ್ಕೂ ಹಿಂದಿನವು ಮೊಂಡು. ಆದರೆ ಸ್ಕ್ರೂ ಒಂದನ್ನೇ ನೆಚ್ಚಬೇಡಿ, ರಿಪೇರಿಯಲ್ಲಿ ಬದಲಾಗಿರಬಹುದು. ಕಾಲು ಸೇರುವಲ್ಲಿ ಮರದ ಮೊಳೆ ಇದ್ದರೆ ಬೆರಳಾಡಿಸಿ. ಸುತ್ತಲ ಮರ ಕುಗ್ಗಿ ಮೊಳೆ ಒಂಚೂರು ಉಬ್ಬಿ ಸಿಕ್ಕರೆ ಅದು ಹಳೇದು ಅನ್ನೋದಕ್ಕೆ ಒಳ್ಳೇ ಗುರುತು.

ಕಬ್ಬಿಣದ ಮೊಳೆ ಸುತ್ತ ಕಪ್ಪು ಕಲೆ ಕಂಡರೆ ಗಾಬರಿ ಬೇಡ. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಜಾಸ್ತಿ, ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕತೆ. ಇದು ಗೊತ್ತಿಲ್ಲದೆ ನಾನು ಒಮ್ಮೆ ಒದ್ದೆ ಸ್ಟೀಲ್ ವುಲ್‌ನಿಂದ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಓಕ್ ಪೆಟ್ಟಿಗೆ ಉಜ್ಜಿದ್ದೆ. ಎಳೆಗಳು ಮರದ ರಂಧ್ರದಲ್ಲಿ ಸಿಕ್ಕಿ, ಬೆಳಗಾಗುವಷ್ಟರಲ್ಲಿ ಮುಚ್ಚಳದ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ!

ಅಲ್ಲಾಡುವ ಕಾಲಿಗೆ ಮೊಳೆ ಹೊಡೆಯಬೇಡಿ. ಆ ಕಾಲದ ಅಂಟು ಸಾಮಾನ್ಯವಾಗಿ ಪ್ರಾಣಿ ಚರ್ಮದ್ದು, ಬಿಸಿನೀರಿನ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ. ಹಳೇ ಅಂಟು ತೆಗೆದು ಅದೇ ಜಾತಿಯದನ್ನು ಹಾಕಿ, ಬಿಗಿಯಾಗಿ ಹಗ್ಗ ಸುತ್ತಿ ಒಂದು ದಿನ ಬಿಡಿ.

ಒಂದೆರಡು ಮಿಲಿಮೀಟರ್ ತೂತುಗಳಿದ್ದರೆ ಸ್ಟೂಲನ್ನು ಕಪ್ಪು ಕಾಗದದ ಮೇಲೆ ಒಂದೆರಡು ವಾರ ಇಡಿ. ಹೊಸದಾಗಿ ತಿಳಿಬಣ್ಣದ ಪುಡಿ ಉದುರಿದರೆ ಹುಳ ಇನ್ನೂ ಇರಬಹುದು, ಮೊದಲು ಅದರ ಚಿಕಿತ್ಸೆ ಆಗಲಿ. ಉಳಿದದ್ದಕ್ಕೆ ಜೇನುಮೇಣ ಸಾಕು. ತೆಳ್ಳಗೆ ಹಚ್ಚಿ, ಕೆತ್ತನೆಯ ಸಂದಿಗೆ ಮೆತ್ತನೆ ಬ್ರಷ್ ಆಡಿಸಿ. ರೇಡಿಯೇಟರ್ ಪಕ್ಕ ಮಾತ್ರ ಇಡಬೇಡಿ, ಸೀಳುತ್ತದೆ.

ಅಡಿಭಾಗದ್ದೊಂದು ಫೋಟೋ ಹಾಕಿ, ಟಾರ್ಚನ್ನು ಪಕ್ಕದಿಂದ ಹಿಡಿದು. ಗೆರೆ ಚೆನ್ನಾಗಿ ಕಾಣುತ್ತವೆ.